ತಕರಾರು ಇಲ್ಲ ಎಂಬ ಹಾಳೆ

ಹಾಲು ಅಂಚಿಗೆ ಬಂದು ನಡುಗುತ್ತಿದೆ, ಇವನಿಗೆ ಸಕ್ಕರೆ ಎಷ್ಟು ಹಾಕಬೇಕು, ಹಾಕಲೇಬೇಕೇ, ಗಂಡನ ಬಲಗಿವಿ ಕೆಡಿಸಿದ ಪೊಲೀಸನಿಗೆ ಚಹಾ ಮಾಡುತ್ತ ನಿಂತಿದ್ದೇನಲ್ಲ ಎಂದು ಶೇವಂತಾಳಿಗೆ ಅನಿಸುವಷ್ಟರಲ್ಲಿ ಚಮಚ ಎರಡು ಸಲ ಡಬ್ಬಿಗೆ ಹೋಗಿ ಬಂದಿತ್ತು — ರೂಢಿ, ಬಿಸಿಲಲ್ಲಿ ಬಂದವರಿಗೆ ಇಲ್ಲವೆನ್ನಲು ಬಾರದ ರೂಢಿ — ಹೊರಗೆ ಪಡಸಾಲೆಯಲ್ಲಿ ಭರಮು ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಹೆಣ್ಣು ನೋಡಲು ಬಂದವನಂತೆ ಕೂತಿದ್ದಾನೆ, ತನ್ನ ಮೇಲಿನ ದೂರಿನ ನೋಟಿಸನ್ನು ತಾನೇ ಮೋಟರ್‌ಸೈಕಲ್ ಮೇಲೆ ತಂದಿದ್ದಾನೆ, ಠಾಣೆದಾಗ ಬ್ಯಾರೇ ಯಾರೂ ಖಾಲಿ ಇರ್ಲಿಲ್ರಿ ಅಕ್ಕಾರ ಅಂದ, ಏಳನೇ ಇಯತ್ತೆ ಕಲಿತ ಅಕ್ಷರದಲ್ಲಿ ಒಂಬತ್ತು ತಿಂಗಳ ಹಿಂದೆ ಅವಳು ಬರೆದು ಹಾಕಿದ ಅರ್ಜಿ ಬೆಳಗಾವಿ ಕಂಡು, ಬೆಂಗಳೂರು ಕಂಡು, ಚಿಕ್ಕೋಡಿಗೆ ಇಳಿದು, ಮೈತುಂಬ ಕಚೇರಿಗಳ ಶಿಕ್ಕೆ, ಮುದ್ರೆ ಹೊಡೆಸಿಕೊಂಡು, ಹೊಡೆದವನ ಕೈಗೇ ಬಂದು ಮುಟ್ಟಿತ್ತು, ಸೋಮವಾರ ಚಿಕ್ಕೋಡಿಗೆ ಹೋಗಿ ಹೇಳಿಕೆ ಕೊಡಬೇಕಂತೆ, ನೋಟಿಸಿನ ಕೆಳಗೆ ಇನ್ನೊಂದು ಹಾಳೆ, ನಮ್ಮದೇನೂ ತಕರಾರು ಇರುವುದಿಲ್ಲ, ಗಂಡ ತುಕಾರಾಮನ ಹೆಸರು, ಸಹಿಗೆ ಜಾಗ, ಅಕ್ಷರ ಮಾತ್ರ ಮುತ್ತಿನಂಥವು, ಬರೆದವನು ಇದನ್ನೇ ಬಹಳ ಸಲ ಬರೆದಿರಬೇಕು.

ಸೈಕಲ್ಲು ಕಳುವಾಯಿತೆಂದು ಹೇಳಲು ಠಾಣೆಗೆ ಹೋಗಿದ್ದ ತುಕಾರಾಮ, ನಾಳೆ ಬಾ, ನಾಳೆ ಬಾ, ನಾಲ್ಕನೆಯ ದಿನ ಯಾವ ನಾಳೆರಿ ಸಾಹೇಬ್ರ ಎಂದು ಕೇಳಿದ್ದ, ನಗುತ್ತಲೇ ಕೇಳಿದ್ದ, ನಗದೆ ಕೇಳಲು ಅವನಿಗೆ ಬರುವುದೇ ಇಲ್ಲ, ಭರಮು ಕಪಾಳಕ್ಕೆ ಬಿಟ್ಟ, ಅಂದಿನಿಂದ ಅವಳು ಗಂಡನ ಎಡಕ್ಕೇ ನಡೆಯುತ್ತಾಳೆ, ಎಡಕ್ಕೇ ಮಲಗುತ್ತಾಳೆ, ಏನ ಬೇ, ಗಂಡನ ಮಗ್ಗಲಾ ಬಿಡವಲ್ಲಿ ಎಂದು ಓಣಿಯ ಹೆಂಗಸರು ಕಾಡುತ್ತಾರೆ, ಕಾಡಲಿ — ಮೊಬೈಲನ್ನು ಮರೆತು ಬಲಕ್ಕಿಟ್ಟುಕೊಂಡು ಹಲೋ ಹಲೋ ಎಂದು ಒದರಿ, ಸಿಗ್ನಲ್ ಇಲ್ಲ ನೋಡ ಶೇವಂತಾ ಅನ್ನುತ್ತಾನಲ್ಲ, ಅದನ್ನು ಅವಳಿಗೆ ತಡೆದುಕೊಳ್ಳಲಾಗುವುದಿಲ್ಲ.

ನೀವು ಅಂಕಲಿಯವ್ರಂತ, ನಮ್ಮೂರ ಮಗಳಂತ ಮೊದಲ ಗೊತ್ತಿದ್ರ ಕೈ ಎತ್ತತಿದ್ದಿಲ್ರಿ, ಒಂದ ಸಹಿ ಮಾಡಿಸಿಬಿಡ್ರಿ, ಬಡ್ತಿ ನಿಂತೈತಿ, ಮಗಳ್ನ ಈ ವರ್ಷ ಸಾಲಿಗೆ ಹಚ್ಚೇನಿ, ಎಂದಿದ್ದ ಭರಮು — ಗಂಡನ ಕೆನ್ನೆಯ ಮೇಲೆ ಹೆಂಡತಿಯ ತವರೂರು ಬರೆಸಿ ಕಳಿಸಬೇಕಿತ್ತೇನೋ — ಆದರೂ ಅಂಕಲಿ ಅಂದಕೂಡಲೇ ಒಳಗೆ ಏನೋ ಮೆತ್ತಗಾಯಿತು, ಇವನ ಅಂಗಿಯ ಬೆನ್ನೆಲ್ಲ ಬೆವರು, ಕೊರಳಪಟ್ಟಿಗೆ ಯಾರೋ ಅವಸರದಲ್ಲಿ ಹಾಕಿದ ಕೈಹೊಲಿಗೆ, ಹೆಂಡತಿಯೇ ಇರಬೇಕು, ಹೋಗಲಿ, ಕಿವಿಯಂತೂ ತಿರುಗಿ ಬರುವುದಿಲ್ಲ, ತಾನು ಬೆರಳಿಟ್ಟಲ್ಲಿ ತುಕಾರಾಮ ಸಹಿ ಹಾಕುತ್ತಾನೆ, ಓದುವುದೂ ಇಲ್ಲ, ಇಡಲೇ ಬೆರಳು, ಎಂದುಕೊಳ್ಳುತ್ತ ಚಹಾ ತಂದು ಹಾಳೆಯ ಪಕ್ಕದಲ್ಲಿಟ್ಟಳು, ಹಿತ್ತಲಿನಿಂದ ತುಕಾರಾಮ ಬಂದ, ಯಾರ ಬಂದಾರ ಶೇವಂತಾ, ಭರಮು ದಡಬಡಿಸಿ ಎದ್ದು, ನಮಸ್ಕಾರಕ್ಕೋ ಟೊಪ್ಪಿಗೆ ತಲೆಗಿಡಲಿಕ್ಕೋ, ಕೈ ಎತ್ತಿದ, ಅಷ್ಟೇ, ತುಕಾರಾಮನ ಅಂಗೈ ತಾನಾಗಿ ಹೋಗಿ ಕಿವಿ ಮುಚ್ಚಿಕೊಂಡಿತು, ಮುಖದ ಮೇಲೆ ನಗು ಇತ್ತು, ಮನೆಗೆ ಬಂದವರಿಗೆ ತೋರಿಸುವ ನಗು, ಅದರ ಮಗ್ಗುಲಿಗೆ ಆ ಕೈ — ಚಹಾ ಆರತೈತಿ ಕುಡೀರಿ ಸಾಹೇಬ್ರ, ಹಾಳಿ ಒಯ್ಯಿರಿ, ಸೋಮವಾರ ಚಿಕ್ಕೋಡಿಗೆ ಬರ್ತೇವಿ, ಅಂದದ್ದು ತಾನೇ, ಏನಿಲ್ರಿ, ಅವರು ಹೊಂಟಾರ, ಕೈ ತಗೀರಿ ಎಂದು ಗಂಡನಿಗೆ ಅಂದದ್ದೂ ತಾನೇ, ಅವನು ತೆಗೆಯಲಿಲ್ಲ, ಕಿವಿಯ ಮೇಲೆ ಆ ಕೈ, ಕೇಳದ ಕಿವಿಯನ್ನು ಕಾಯುತ್ತ ಆ ಕೈ, ಆ ಕೈ —