ಅಕ್ಕ ನುಂಗಿದ ನೀರು

ದೂರದೇಶದ ನಾರಿನ್ ಕಣಿವೆಯ ಒಂದು ಹಳ್ಳಿಯಲ್ಲಿ ಯಾರಿಗೆ ಸರ್ಪಸುತ್ತು ಎದ್ದರೂ ಮೊದಲು ಓಡುವುದು ಜೂರಾಕಾನ್ ಅಜ್ಜಿಯ ಮನೆಗೆ. ಅಜ್ಜಿ ಕಡಾಯಿಯ ತಳದ ಮಸಿ ಕೆರೆದು ಗುಳ್ಳೆಗಳ ಸುತ್ತ ಬಳಿಯುತ್ತಿದ್ದಳು. ಬಾಯ್ತುಂಬ ನೀರು ತುಂಬಿಕೊಂಡು ಫುರ್ರನೆ ಮುಖಕ್ಕೆ ಎರಚುತ್ತಿದ್ದಳು. ವಾಸಿಯಾದವರು ಅಜ್ಜಿಯ ಕೈಗುಣವನ್ನು ಊರೆಲ್ಲ ಹೊಗಳುತ್ತಿದ್ದರು. ವಾಸಿಯಾಗದವರು ತಮ್ಮ ಹಣೆಬರಹ ಎಂದು ಸುಮ್ಮನಾಗುತ್ತಿದ್ದರು.

ಈ ಚಳಿಗಾಲ ಸರ್ಪಸುತ್ತು ಅಜ್ಜಿಯ ಹಣೆಯ ಮೇಲೆಯೇ ಎದ್ದಿತು. ಎಡಹುಬ್ಬಿನವರೆಗೆ ಗುಳ್ಳೆ, ಕೆಂಡ ಇಟ್ಟಂಥ ಉರಿ. ಸೊಸೆ ಮೇರಿಮ್ ಆರೋಗ್ಯ ಕೇಂದ್ರಕ್ಕೆ ಹೋಗೋಣವೆಂದು ಗೋಗರೆದಳು.

“ಊರಿಗೆಲ್ಲ ಔಷಧಿ ಮಾಡಿದೋಳು ನಾನು. ನಾನೇ ನರ್ಸಮ್ಮನ ಮುಂದೆ ಹೋಗಿ ಕೂತ್ರೆ ಊರು ನಗಲ್ವೇನೇ?” ಎಂದಳು ಅಜ್ಜಿ.

ಆದರೆ ತನ್ನ ಮುಖಕ್ಕೆ ತಾನೇ ನೀರು ಎರಚಿಕೊಳ್ಳುವುದು ಹೇಗೆ? ಈ ವಿದ್ಯೆ ಕಲಿಸಿದ ಅಕ್ಕ ಕಾಲಿಪಾಳ ಮನೆಗೆ ಹೋದಳು. ಕಾಲಿಪಾಗೆ ಕೆಲವು ವರ್ಷಗಳಿಂದ ಮರೆವು. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ಅದನ್ನು ಯಾರಿಗೂ ತೋರಿಸಿರಲಿಲ್ಲ. ಏನು ಮರೆತರೂ ಕೈಗೆ ಪಳಗಿದ ವಿದ್ಯೆ ಮರೆಯುವಳೇ ಎಂಬ ನಂಬಿಕೆ ತಂಗಿಗೆ.

ಅಕ್ಕ ಬಟ್ಟಲು ಎತ್ತಿ ಬಾಯ್ತುಂಬ ನೀರು ತುಂಬಿಕೊಂಡಳು. ತಂಗಿಯ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಗುಟುಕ್ಕನೆ ನುಂಗಿಬಿಟ್ಟಳು.

“ನೀರು ತಣ್ಣಗೆ ಚೆನ್ನಾಗಿದೆ ಕಣಮ್ಮ. ನೀನು ಯಾರ ಮನೆಯೋಳು?” ಎಂದು ಕೇಳಿದಳು.

ಜೂರಾಕಾನ್‌ಗೆ ಮೊದಲು ನಗು ಬಂತು, ಅದರ ಹಿಂದೆಯೇ ಅಳು. ಮನೆಗೆ ಬಂದವಳೇ ಸೊಸೆಯ ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೊರಟಳು.

ನರ್ಸ್ ಬುರುಲ್ ಹಣೆ ನೋಡಿದ ಕೂಡಲೇ ಪಟ್ಟಣದ ಡಾಕ್ಟರ ಬಳಿ ಕಳಿಸಿದಳು. ಅಂದೇ ಮಾತ್ರೆ ಶುರುವಾಯಿತು, ಕಣ್ಣಿನ ಪರೀಕ್ಷೆಯೂ ಆಯಿತು. ತಿರುಗಿ ಬಂದಾಗ ಬುರುಲ್ ಬಿಡಿಸಿ ಹೇಳಿದಳು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರದೊಳಗೆ ಮಲಗಿದ್ದು, ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದೆ. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಮಸಿ ಬಳಿದು ಕಾದಿದ್ದರೆ ಕಣ್ಣಿಗೇ ಅಪಾಯವಿತ್ತು.

ಅಜ್ಜಿಯ ಭಯ ಬೇರೆಯೇ ಇತ್ತು. “ನಾನೂ ಅಕ್ಕನ ಥರ ಆಗ್ಬಿಡ್ತೀನಾ?”

“ಅದನ್ನ ಯಾರೂ ಹೇಳೋಕಾಗಲ್ಲ ಅಜ್ಜಿ. ಇಂಥ ವೈರಸ್ಸಿಗೂ ಆಲ್ಝೈಮರ್ ಅನ್ನೋ ಮರೆವಿನ ಕಾಯಿಲೆಗೂ ನಂಟಿರಬಹುದು ಅಂತ ಸಂಶೋಧಕರಿಗೆ ಅನುಮಾನ ಇದೆ, ಇನ್ನೂ ಸಾಬೀತಾಗಿಲ್ಲ. ಸರ್ಪಸುತ್ತಿನ ಲಸಿಕೆ ಹಾಕಿಸ್ಕೊಂಡೋರಲ್ಲಿ ಮರೆವು ಕಮ್ಮಿ ಅಂತ ಕೆಲವು ದೇಶಗಳಲ್ಲಿ ಕಂಡಿದೆ. ಸರ್ಪಸುತ್ತು ಬಂದೋರಿಗೆಲ್ಲ ಮರೆವು ಬರಲ್ಲ, ಹೆದರ್ಬೇಡಿ. ಆದ್ರೆ ಅಕ್ಕನ್ನ ಕರ್ಕೊಂಡು ಬನ್ನಿ. ಮರೆವಿಗೆಲ್ಲ ವಯಸ್ಸಿನ ಮೇಲೆ ಗೂಬೆ ಕೂರಿಸ್ಬಾರ್ದು.”

ಅಜ್ಜಿಯ ಕಣ್ಣು ಉಳಿಯಿತು. ಕಾಲಿಪಾಳನ್ನೂ ಡಾಕ್ಟರಿಗೆ ತೋರಿಸಿದರು. ಅವಳ ಕಾಯಿಲೆ ಹೋಗುವಂಥದ್ದಲ್ಲ. ಆದರೂ ಡಾಕ್ಟರ ಮಾತು ಕೇಳಿದ ಮೇಲೆ ಮನೆಯವರು ಅವಳನ್ನು ಗದರುವುದು ಬಿಟ್ಟರು.

ಜೂರಾಕಾನ್ ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿ ಕರಿದು ಒಂದು ಪಾಲನ್ನು ಬುರುಲ್‌ಗೆ ಕೊಟ್ಟು, ಇನ್ನೊಂದನ್ನು ಅಕ್ಕನ ಮಡಿಲಿಗೆ ಸುರಿದಳು. “ಆವತ್ತು ನೀನು ನೀರು ನುಂಗಿದ್ದಕ್ಕೇ ನನ್ನ ಕಣ್ಣು ಉಳೀತು ಅಕ್ಕಾ. ನಿನ್ನ ಋಣ ತೀರಿಸೋಕಾಗಲ್ಲ.”

ಕಾಲಿಪಾಗೆ ಏನೂ ನೆನಪಿರಲಿಲ್ಲ. “ಹಂಗಾದ್ರೆ ಇನ್ನೊಂದು ಬಟ್ಟಲು ಕೊಡು, ಕುಡೀತೀನಿ” ಎಂದು ನಕ್ಕಳು.

ಈಗ ಮಸಿ ಬಳಿಸಿಕೊಳ್ಳಲು ಬಂದವರಿಗೆ ಅಜ್ಜಿ ಚಹಾ ಕೊಟ್ಟು, ತಾನೇ ಕೈಹಿಡಿದು ಬುರುಲ್ ಬಳಿ ಕರೆದೊಯ್ಯುತ್ತಾಳೆ. ನಮ್ಮಲ್ಲೂ ಸರ್ಪಸುತ್ತಿಗೆ ಮದ್ದು ಹೇಳುವವರು ಬೀದಿಗೊಬ್ಬರಿದ್ದಾರೆ. ಗುಳ್ಳೆ ಕಂಡ ದಿನವೇ ಡಾಕ್ಟರಿಗೆ ತೋರಿಸಿ. ಐವತ್ತು ದಾಟಿದವರು ಲಸಿಕೆಯ ಬಗ್ಗೆ ಕೇಳಿ. ನಿಮ್ಮ ಮನೆಯಲ್ಲಿ ಮರೆಯುತ್ತಿರುವ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರು ಮರೆತರೂ ಅವರು ನಮಗೆ ಮಾಡಿದ್ದನ್ನು ನಾವು ಮರೆಯುವುದು ಬೇಡ.