ಟ್ವೈಲಾಳ ಬೇಲಿ, ವರ್ನಾಳ ಹುಲ್ಲು

ಮೊಂಟಾನಾದ ಚಳಿಗಾಲ. ಬೆಳಿಗ್ಗೆ ವರ್ನಾ ಅಡುಗೆಮನೆಯ ಕಿಟಕಿ ಪರದೆ ಸರಿಸಿದರೆ, ಎಲ್ಕ್ ಕಡವೆಗಳ ಹಿಂಡು ಇವತ್ತೂ ಅವಳ ಒಣಹುಲ್ಲಿನ ಬಣವೆಗೆ ಬಾಯಿ ಹಾಕಿ ನಿಂತಿತ್ತು. ಹಿಮ ಕರಗುವವರೆಗೆ ಹುಲ್ಲು ಸಾಲದಿದ್ದರೆ ಗಬ್ಬದ ಹಸುಗಳನ್ನು ಮಾರದೆ ದಾರಿಯಿಲ್ಲ.

ಅದಕ್ಕಿಂತ ಹೆಚ್ಚು ಅವಳ ಹೊಟ್ಟೆ ಉರಿಸಿದ್ದು ಪಕ್ಕದ ಜಮೀನು. ಅಲ್ಲಿ ವಾರಗಿತ್ತಿ ಟ್ವೈಲಾಳ ಬಣವೆಯ ಸುತ್ತ ಆಳೆತ್ತರ ಮೀರಿದ ತಂತಿಬೇಲಿ. ಒಂದು ಎಳೆ ಹುಲ್ಲೂ ಕದಲಿರಲಿಲ್ಲ.

"ನೋಡ್ರೀ, ನಿಮ್ಮ ತಮ್ಮನ ಹೆಂಡ್ತಿಗೆ ವನ್ಯಜೀವಿ ಇಲಾಖೆಯೋರು ಬೇಲಿ ಕಟ್ಟಿ ಕೊಡ್ತಾರೆ. ನಾವೇನು ಬಿಟ್ಟಿ ಬಿದ್ದಿದೀವಾ?"

ಗಂಡ ಆರಿನ್ ಕಾಫಿಯಿಂದ ತಲೆ ಎತ್ತಲಿಲ್ಲ. "ನನ್ನ ಕೇಳಿದ್ರೆ? ಅವಳನ್ನೇ ಕೇಳು ಹೋಗು."

ಕ್ರಿಸ್‌ಮಸ್‌ಗೆ ಟ್ವೈಲಾ ಸೇಬಿನ ಪೈ ಕಳಿಸಿದ್ದ ತಟ್ಟೆ ವಾಪಸು ಕೊಡುವ ನೆವದಲ್ಲಿ ವರ್ನಾ ಹೋದಳು.

"ಯಾರ ಕೈ ಬೆಚ್ಚಗೆ ಮಾಡಿದೆ, ಹೇಳ್ಬಿಡೇ."

ಟ್ವೈಲಾ ನಕ್ಕಳು. "ಬೇಟೆಗಾರರು ಪರವಾನಗಿಗೆ ಕಟ್ತಾರಲ್ಲಕ್ಕ, ಆ ದುಡ್ಡಲ್ಲಿ ಬಂದ ಬೇಲಿ ಇದು. ವಿಮಾನದಲ್ಲಿ ಹೋಗಿ ಹಿಂಡು ಎಣಿಸೋದಕ್ಕೂ ಅದೇ ದುಡ್ಡು. ಆದ್ರೆ ಬೇಟೆ ಕಾಲದಲ್ಲಿ ಅವರಿಗೆ ನಮ್ಮ ಗೇಟು ತೆಗೆದಿರ್ಬೇಕು, ಅದು ಷರತ್ತು."

ವರ್ನಾಳ ಮುಖ ಸಣ್ಣಗಾಯಿತು. ಟ್ವೈಲಾ ಬೇಟೆಗಾರರಿಗೆ ಗೇಟು ತೆಗೆದ ದಿನವೇ ವರ್ನಾ ತನ್ನ ಗೇಟಿಗೆ 'ಒಳಗೆ ಬರಬಾರದು' ಎಂದು ಬೋರ್ಡು ಜಡಿದಿದ್ದಳು. ವಾರಗಿತ್ತಿ ಮಾಡಿದ್ದನ್ನು ತಾನೂ ಮಾಡುವುದೇ?

"ಎಲ್ಕ್‌ಗಳು ದಡ್ಡ ಅಲ್ಲಕ್ಕ. ನಮ್ಮ ಗುಡ್ಡದಲ್ಲಿ ಗುಂಡಿನ ಸದ್ದು ಕೇಳ್ತಿದ್ದ ಹಾಗೇ ನಿಮ್ಮಲ್ಲಿಗೆ ಬಂದ್ವು. ಅಟ್ಟೋರಿಲ್ಲ, ಪಕ್ಕದಲ್ಲೇ ಹುಲ್ಲು. ಮನೆ ಅಳಿಯನ ಹಾಗೆ ಸಾಕಿದೀಯ!"

"ಇದೆಲ್ಲ ನಂಗ್ಯಾರು ಹೇಳಿದ್ರು?"

"ಕಣಿವೇಲಿ ಎಷ್ಟು ಎಲ್ಕ್ ಇರ್ಬೇಕು ಅಂತ ಯೋಜನೆ ಮಾಡೋಕೆ ಇಲಾಖೆಯೋರು ಶಾಲೇಲಿ ಸಭೆ ಕರ್ದಿದ್ರಲ್ಲ, ಅಲ್ಲೇ ಎಲ್ಲ ಹೇಳಿದ್ರು. ಜಾಸ್ತಿ ಇರ್ಲಿ ಅನ್ನೋರು ಹಾಲ್ ತುಂಬ ಇದ್ರು. ಕಡಿಮೆ ಮಾಡಿ ಅನ್ನೋಕೆ ನಾನೊಬ್ಬಳೇ. ಒಬ್ಬಳ ಮಾತು ಎಷ್ಟು ನಡೆಯುತ್ತೆ? ನೀನೆಲ್ಲಿದ್ದೆ?"

ವರ್ನಾ ಶಾಲೆಯವರೆಗೂ ಹೋಗಿದ್ದಳು. ಮುಂದೆ ಟ್ವೈಲಾಳ ಟ್ರಕ್ಕು ನಿಂತದ್ದು ಕಂಡು, ಇವಳ ಮುಖ ನೋಡಿಕೊಂಡು ಯಾರು ಕೂರುತ್ತಾರೆ ಎಂದು ಬಂದ ದಾರಿಗೇ ತಿರುಗಿದ್ದಳು. ಈಗ ತಟ್ಟೆಯನ್ನು ಟ್ವೈಲಾಳ ಕೈಗಿತ್ತು ಹೊರಡಲು ಅಣಿಯಾದಳು.

"ಉಳಿದ ಹುಲ್ಲು ನನ್ನ ಬೇಲಿಯೊಳಗೆ ತಂದು ಹಾಕು. ಜಾಗ ಇದೆ," ಎಂದಳು ಟ್ವೈಲಾ.

ವಾರಗಿತ್ತಿಯ ಬೇಲಿಯೊಳಗೆ ತನ್ನ ಹುಲ್ಲು! ವರ್ನಾಳಿಗೆ ಮೈಯೆಲ್ಲ ಉರಿಯಿತು. ಆದರೆ ಗಬ್ಬದ ಹಸುಗಳು ಕಣ್ಣ ಮುಂದೆ ಬಂದವು. ಮಧ್ಯಾಹ್ನವೇ ಟ್ರಾಕ್ಟರ್ ತೆಗೆದು ಹುಲ್ಲು ಸಾಗಿಸಿದಳು. ಥ್ಯಾಂಕ್ಸ್ ಮಾತ್ರ ಆರಿನ್ ಬಾಯಲ್ಲಿ ಹೇಳಿಸಿದಳು.

ಮುಂದಿನ ಸಭೆಯ ಹೊತ್ತಿಗೆ ವರ್ನಾಳ ಗೇಟಿನ ಮೇಲೆ ಬೋರ್ಡು ಇರಲಿಲ್ಲ. ಹಸುಗಳೆಲ್ಲ ಕರು ಹಾಕಿದ್ದವು. ವರ್ನಾ ಟ್ವೈಲಾಳಿಗಿಂತ ಒಂದು ಸಾಲು ಮುಂದೆಯೇ ಕೂತಳು. ಅಧಿಕಾರಿ ಮಾತು ಮುಗಿಸುವ ಮೊದಲೇ ಕೈ ಎತ್ತಿದಳು.

"ಬರ್ಕೊಳ್ಳಿ ಸ್ವಾಮಿ! ನಮ್ಮ ವಾರಗಿತ್ತಿಗಿಂತ ನಂಗೇ ಜಾಸ್ತಿ ನಷ್ಟ ಆಗಿರೋದು!"

ಇಡೀ ಹಾಲ್ ನಕ್ಕಿತು. ಅಧಿಕಾರಿ ಬರೆದುಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಟ್ವೈಲಾ.

ಅಕ್ಕಂದಿರೇ, ಅಣ್ಣಂದಿರೇ, ಹಿಂಡಿನ ಯೋಜನೆಗೆ ನಿಮ್ಮ ಕಣಿವೆಯಲ್ಲೂ ಸಭೆ ಕರೆಯುತ್ತಾರೆ. ತಪ್ಪದೆ ಹೋಗಿ. ದುಡ್ಡು ಎಲ್ಲಿಂದ ಬರುತ್ತದೆ, ಯಾವುದಕ್ಕೆ ಹೋಗುತ್ತದೆ ಎಂದು ಕೇಳಿ. ನಿಮ್ಮ ನಷ್ಟವನ್ನು ನೀವೇ ಹೇಳಿ. ನಿಮಗೆ ಆಗದವರ ಟ್ರಕ್ಕು ಆಗಲೇ ಬಂದು ನಿಂತಿದ್ದರೆ, ನಿಮ್ಮದನ್ನೂ ಅದರ ಪಕ್ಕದಲ್ಲೇ ನಿಲ್ಲಿಸಿ ಒಳಗೆ ಹೋಗಿ.