ಹಿರಿಯರ ಹೂಜಿ

ಆ ಊರಿನಲ್ಲಿ ಮುದುಕರು ಯಾರಾದರೂ ತೀರಿಕೊಂಡರೆ ಮರುದಿನವೇ ಕುಂಬಾರನಿಗೆ ಕರೆ ಬರುತ್ತಿತ್ತು. ಮಡಕೆಗಲ್ಲ, ಮಾತಿಗೆ. ಎಪ್ಪತ್ತನಾಲ್ಕು ವರ್ಷದ ಈ ಮನುಷ್ಯನಿಗೆ ದೇವರು ಎರಡು ಕೊಟ್ಟಿದ್ದ: ಮಣ್ಣನ್ನು ಹೇಳಿದಂತೆ ಕೇಳಿಸುವ ಬೆರಳು, ಜನರನ್ನು ಕೂತಲ್ಲೇ ಕೂರಿಸುವ ನಾಲಿಗೆ. ಸತ್ತವರ ಮನೆಗೆ ಹೋಗಿ, ಮಕ್ಕಳ ಹತ್ತಿರ ಕೂತು ಹಳೆಯದನ್ನೆಲ್ಲ ಕೇಳಿ, ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಭಾನುವಾರ ಸಂಜೆ ವಾಚನಾಲಯದ ಹಿಂದಿನ ಉದ್ದನೆಯ ಕೋಣೆಯಲ್ಲಿ ಎದ್ದು ನಿಂತು ಮಾತಾಡಿದನೆಂದರೆ, ಅಳುತ್ತಾ ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನ ಕೈಲಿ ಮಾತಾಡಿಸಿಕೊಳ್ಳುವುದಕ್ಕಾದರೂ ಸಾಯಬೇಕು ಎಂದು ತಮಾಷೆ ಮಾಡುವ ಮುದುಕರಿದ್ದರು. ಕುಂಬಾರನಿಗೆ ಇದರಿಂದ ಒಂದಿಷ್ಟು ಜಂಬವೂ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಅವನ ಇನ್ನೊಂದು ಜಂಬ ಆ ಹೂಜಿ. ಎಂಟು ವರ್ಷದ ಹಿಂದೆ ಊರಿನ ಎಪ್ಪತ್ತು ದಾಟಿದವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡರು. ಎಲ್ಲರಿಗಿಂತ ಹಿರಿಯರಾದವರಿಗೆ ಮರ್ಯಾದೆಗೆ ಏನಾದರೂ ಕೊಡಬೇಕು ಎಂದು ನಿವೃತ್ತ ಪೋಸ್ಟ್ ಮಾಸ್ತರು ಸೂಚಿಸಿದರು. ಅವರೇ ಅಧ್ಯಕ್ಷರಾದ್ದರಿಂದ ಸೂಚನೆ ತಕ್ಷಣ ಪಾಸಾಯಿತು. ಕುಂಬಾರ ಜೇನಿನ ಬಣ್ಣದ ಒಂದು ಹೂಜಿ ಮಾಡಿಕೊಟ್ಟ. ಉದ್ದ ಕತ್ತು, ತುಂಬಿದ ಹೊಟ್ಟೆ, ಮೈಮೇಲೆ ಮುಖ ನೋಡಿಕೊಳ್ಳುವಷ್ಟು ಮೆರುಗು. ಹಿರಿಯರು ಬದುಕಿರುವವರೆಗೆ ಅದು ಅವರ ಮನೆಯಲ್ಲಿ, ಆಮೇಲೆ ನಂತರದವರ ಮನೆಗೆ. ಅಲ್ಲಿಯವರೆಗೆ ವಯಸ್ಸು ಬಚ್ಚಿಡುತ್ತಿದ್ದ ಮುದುಕಿಯರು ಹೂಜಿ ಬಂದ ಮೇಲೆ ಎರಡೆರಡು ವರ್ಷ ಸೇರಿಸಿ ಹೇಳತೊಡಗಿದರು. ಮೊದಲು ಅದು ಸೂಲಗಿತ್ತಿಯ ಮನೆ ಸೇರಿತು, ಆಮೇಲೆ ಮೇಷ್ಟ್ರ ಮನೆ, ಆಮೇಲೆ ಕುರಿಯಜ್ಜನ ಮನೆ, ಕೊನೆಗೆ ಬಡಗಿಯ ಮನೆ.

ಈಗ ಬಡಗಿಯೂ ಹೋದ. ಶುಕ್ರವಾರ ಬೆಳಿಗ್ಗೆ ಕುಂಬಾರ ನೋಟ್ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಅವನ ಮಗಳ ಎದುರು ಕೂತ. ಕೋಣೆಯಲ್ಲಿ ಇನ್ನೂ ಮರದ ಹೊಟ್ಟಿನ ವಾಸನೆ ಇತ್ತು. ಉಳಿಗಳು ಗೋಡೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನೇತಾಡುತ್ತಿದ್ದವು.

"ಕೊನೇಲಿ ತುಂಬಾ ಕಷ್ಟ ಪಟ್ಟರು ಮಾಮ," ಎಂದಳು ಮಗಳು. "ಹೊಟ್ಟೆ ಹಿಂಡ್ತಿದೆ ಅಂತ ಮಗು ಥರ ಮುದುಡಿಕೊಳ್ಳೋರು. ಉಳಿ ಹಿಡಿಯೋಕೆ ಹೋದರೆ ಕೈ ಹೀಗೆ ಜೋತು ಬೀಳೋದು." ಅವಳು ತನ್ನ ಕೈಯನ್ನು ಮುಂದೆ ಚಾಚಿ, ಮಣಿಕಟ್ಟಿನಿಂದ ಸಡಿಲ ಬಿಟ್ಟು ತೋರಿಸಿದಳು. "ವಯಸ್ಸಾಯ್ತು ಅಂದರು ಡಾಕ್ಟ್ರು."

"ಊಟ ಮಾಡ್ತಿದ್ದನಾ?"

"ಎಲ್ಲಿಯ ಊಟ! ಬಾಯಲ್ಲಿ ಕಬ್ಬಿಣ ಇಟ್ಟುಕೊಂಡ ಹಾಗಿದೆ ಅನ್ನೋರು. ನಿಮ್ಮ ಹೂಜಿ ಮನೇಲಿ ಇರೋತನಕ ಸೇರ್ತಿದ್ದದ್ದು ಒಂದೇ, ಅದರ ನಿಂಬೆ ಶರಬತ್ತು. ಹಿಂದಿನ ದಿನವೇ ಹಿಂಡಿಟ್ಟರೆ ತಾನಾಗೇ ಸಿಹಿ ಆಗುತ್ತೆ, ಸಕ್ಕರೆ ದಂಡ ಮಾಡಬೇಡ ಅಂತ ನನಗೇ ಬಯ್ಯೋರು."

ಕುಂಬಾರನ ಪೆನ್ನು ನಿಂತಿತು. "ಹೂಜೀಲಿ ಕುಡೀತಿದ್ರಾ?"

"ಇದೇನು ಮಾಮ ಹೀಗೆ ಕೇಳ್ತೀರಾ? ಎಲ್ಲರೂ ಅದರಲ್ಲೇ ತಾನೆ ಕುಡಿದದ್ದು? ಸೂಲಗಿತ್ತಿ ಅಜ್ಜಿ ಕಾಲದಿಂದ ಬಂದ ಪದ್ಧತಿ. ಹಿರಿಯರ ಹೂಜಿ, ಹಿರಿಯರ ಶರಬತ್ತು."

ಅವನು ನೋಟ್ ಪುಸ್ತಕ ಮುಚ್ಚಿದ. ಹೂಜಿ ಈಗ ಎಲ್ಲಿದೆ ಎಂದು ಕೇಳುವ ಅಗತ್ಯವಿರಲಿಲ್ಲ. ಬಡಗಿ ಹಾಸಿಗೆ ಹಿಡಿದು ನಾಲ್ಕು ತಿಂಗಳಾಗಿತ್ತು. ಇನ್ನು ನನ್ನ ಕಥೆ ಮುಗಿಯಿತು ಎಂದು ಅವನೇ ಅದನ್ನು ನಂತರದ ಹಿರಿಯರಿಗೆ ಕಳಿಸಿಕೊಟ್ಟಿದ್ದ. ಆ ನಂತರದ ಹಿರಿಯರು ಬೇರೆ ಯಾರೂ ಅಲ್ಲ, ಕುಂಬಾರನ ಒಡಹುಟ್ಟಿದ ಅಕ್ಕ.

ಮನೆಗೆ ಬಂದು ನೋಟ್ ಪುಸ್ತಕದ ಹಳೆಯ ಪುಟಗಳನ್ನು ತಿರುವಿದ. ತನ್ನದೇ ಅಕ್ಷರ, ತನ್ನದೇ ನಗೆಚಾಟಿಕೆ. ಸೂಲಗಿತ್ತಿಯ ಪುಟದಲ್ಲಿ ಹೀಗಿತ್ತು: 'ಊರಿನ ಅರ್ಧ ಜನರನ್ನು ಹಿಡಿದೆತ್ತಿದ ಕೈ, ಇನ್ನು ನಿಮ್ಮನ್ನು ನೀವೇ ಎತ್ತಿಕೊಳ್ಳಿ ಎಂದು ಕೊನೆಗೆ ಜೋತುಬಿತ್ತು.' ಜನ ಎಷ್ಟು ನಕ್ಕಿದ್ದರು! ಮೇಷ್ಟ್ರ ಪುಟದಲ್ಲಿ: 'ನಲವತ್ತು ವರ್ಷ ನಮ್ಮ ಕೈಗೆ ಬೆತ್ತದಲ್ಲಿ ಹೊಡೆದರು, ಕೊನೆಗೆ ಅವರ ಕೈಗೇ ಸೀಮೆಸುಣ್ಣ ಭಾರವಾಯಿತು.' ಕುರಿಯಜ್ಜನ ಕೈ ಗಟ್ಟಿಯಾಗಿಯೇ ಇತ್ತು. ಅವನಿಗೆ ಬಂದದ್ದು ಹೊಟ್ಟೆನೋವು ಮತ್ತು ಸಿಟ್ಟು. ಹುಟ್ಟಿನಿಂದ ಸಾಧು ಪ್ರಾಣಿಯಾಗಿದ್ದವನು ಕೊನೆಯ ವರ್ಷ ಕುರಿಗಳಿಗೆ ಕಲ್ಲು ಬೀರುತ್ತಿದ್ದ, ಹೆಂಡತಿಯ ಹೆಸರು ಮರೆತಿದ್ದ. ಕುಂಬಾರ ಅದನ್ನೂ ಬಿಟ್ಟಿರಲಿಲ್ಲ: 'ಐವತ್ತು ವರ್ಷ ಸಂಸಾರ ಮಾಡಿದ ಮೇಲೆ ಹೆಸರು ಮರೆಯುವುದು ಜಾಣತನ.' ಹೆಂಡತಿಯೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು.

ನಾಲ್ಕು ಸಾವುಗಳ ಸುಳಿವನ್ನೆಲ್ಲ ಅವನೇ ಬರೆದಿಟ್ಟಿದ್ದ. ಬರೆದು, ಎದ್ದು ನಿಂತು, ಚಪ್ಪಾಳೆ ತೆಗೆದುಕೊಂಡಿದ್ದ.

ಆ ಮೆರುಗಿನ ಗುಟ್ಟು ಹೇಳಿಬಿಡುತ್ತೇನೆ. ಹಳೆಯ ಟ್ರಾಕ್ಟರ್ ಬ್ಯಾಟರಿ ಒಡೆದು ಅದರೊಳಗಿನ ಸೀಸ ತೆಗೆದು, ಸುಟ್ಟು, ಹಳದಿ ಪುಡಿ ಮಾಡಿ, ತೆಳು ಮಣ್ಣಿನ ನೀರಿಗೆ ಬೆರೆಸಿ ಬಳಿಯುವುದು. ಸಣ್ಣ ಬೆಂಕಿಗೇ ಗಾಜಿನ ಹಾಗೆ ಹೊಳೆಯುತ್ತದೆ. ಕೆಲಸ ಕಲಿಸಿದ ಯಜಮಾನ ಹೇಳಿಕೊಡುವಾಗಲೇ ಅವನ ಕಿವಿ ಹಿಂಡಿ ಹೇಳಿದ್ದ: "ಇದು ಕಣ್ಣಿಗೆ ಮಾತ್ರ. ಬಾಯಿಗೆ ಹೋದರೆ ವಿಷ. ಹುಳಿ ಹಾಕಿದರಂತೂ ಸೀಸ ಕರಗಿ ಇಳಿದು ಹುಳಿಯನ್ನೇ ಸಿಹಿ ಮಾಡಿಬಿಡುತ್ತೆ." ಕುಂಬಾರ ಮರೆತಿರಲಿಲ್ಲ. ಅಲಂಕಾರಕ್ಕಲ್ಲವೇ, ಕಪಾಟಿನ ಮೇಲೆ ಕೂರುವುದಕ್ಕಲ್ಲವೇ ಎಂದು ಮಾಡಿಕೊಟ್ಟಿದ್ದ. ಮೇಷ್ಟ್ರ ಮನೆಯಲ್ಲಿ ಒಮ್ಮೆ ಹೂಜಿಯ ಕೆಳಗೆ ಒದ್ದೆ ಗುರುತು ಕಂಡಿತ್ತು. ಹೂವಿಗೆ ನೀರು ಹಾಕಿರಬೇಕು ಎಂದುಕೊಂಡ. ಹೂವು ಇರಲಿಲ್ಲ. ಅದನ್ನೂ ನೋಡಿದ್ದ, ನೋಡಿ ಸುಮ್ಮನೆ ಎದ್ದು ಬಂದಿದ್ದ.

ಇಷ್ಟಾದ ಮೇಲೆ ಒಬ್ಬ ಮನುಷ್ಯ ಏನು ಮಾಡಬೇಕು? ಎದ್ದ ಕಾಲಲ್ಲೇ ಅಕ್ಕನ ಮನೆಗೆ ಓಡಬೇಕು. ಇವನು ಓಡಲಿಲ್ಲ. ಅವರೆಲ್ಲ ಎಂಬತ್ತು ದಾಟಿದವರು, ಇವತ್ತಲ್ಲ ನಾಳೆ ಹೋಗುವವರೇ ಎಂದು ಶುಕ್ರವಾರ ಇಡೀ ತನಗೆ ತಾನೇ ವಕಾಲತ್ತು ಮಾಡಿಕೊಂಡ. ಶನಿವಾರ ಅಕ್ಕನ ಗೇಟಿನವರೆಗೆ ಹೋದ. ಒಳಗೆ ಪಕ್ಕದ ಮನೆಯವಳ ದನಿ ಕೇಳಿಸಿತು. ಅವಳ ಎದುರು ಹೇಗೆ ಹೇಳುವುದು ಎಂದು ಬಾಲ ಮುದುರಿಕೊಂಡು ಹಿಂದಕ್ಕೆ ಬಂದ. ನನಗೆ ಇವನ ಮೇಲೆ ಸಿಟ್ಟು ಬರುವುದು ಇಲ್ಲೇ.

ಭಾನುವಾರ ಮಧ್ಯಾಹ್ನ ಕೊನೆಗೂ ಹೊಸಿಲು ದಾಟಿದ.

"ಊಟದ ಹೊತ್ತಿಗೆ ಸರಿಯಾಗಿ ಬಂದೆಯಲ್ಲೋ, ಮೂಗು ಚುರುಕು ನಿನಗೆ," ಎಂದಳು ಅಕ್ಕ. ಕಿಟಕಿಯ ಪಕ್ಕ ಅವಳ ಹೊಲಿಗೆ ಮಿಷನ್ನು ಬಟ್ಟೆ ಹೊದ್ದು ಕೂತಿತ್ತು. ತಾಯಿ ಸತ್ತಾಗ ಇವನಿಗೆ ಎರಡು ವರ್ಷ, ಅವಳಿಗೆ ಹತ್ತು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು. "ಬಾ ಇಲ್ಲಿ, ಈ ಸ್ವೆಟರಿನ ಗುಂಡಿ ಹಾಕು. ಸಂಜೆ ಸಭೆಗೆ ಈಗಲೇ ತಯಾರಾಗ್ತಾ ಇದ್ದೀನಿ. ಯಾಕೋ ಬೆರಳು ಮಾತು ಕೇಳ್ತಿಲ್ಲ."

ಅವನು ಒಂದೊಂದೇ ಗುಂಡಿ ಹಾಕಿದ. ಒಂದು ಕಾಲದಲ್ಲಿ ಅವಳು ಅವನ ಅಂಗಿಗೆ ಹಾಕುತ್ತಿದ್ದಳು.

"ಹೊಟ್ಟೆ ಹೇಗಿದೆ ಅಕ್ಕ?"

"ಹಿಂಡ್ತಾ ಇರುತ್ತೆ. ಈ ವಯಸ್ಸಲ್ಲಿ ಹೊಟ್ಟೆ ನಗುತ್ತಾ? ಒಂದು ಲೋಟ ಶರಬತ್ತು ಕುಡಿದರೆ ಸಮಾಧಾನ." ಕಪಾಟಿನ ಮೇಲೆ ಹೂಜಿ ಇತ್ತು. ಬಾಯಿಗೆ ತಟ್ಟೆ ಮುಚ್ಚಿತ್ತು. "ನೀನೂ ಕುಡಿ. ನಿನ್ನ ಕೈಯ ಹೂಜಿ, ನೀನೇ ರುಚಿ ನೋಡಿಲ್ಲ."

ಹೇಳಬೇಕಿತ್ತು. "ತಳ ಬಿರುಕು ಬಿಟ್ಟ ಹಾಗಿದೆ, ಬೆಳಕಿಗೆ ಹಿಡಿದು ನೋಡ್ತೀನಿ," ಎಂದು ಹೂಜಿಯನ್ನು ಎತ್ತಿಕೊಂಡು ಬಾಗಿಲಿಗೆ ಬಂದ. ಕಲ್ಲಿನ ಮೆಟ್ಟಿಲ ಮೇಲೆ ಕೈ ಬಿಟ್ಟ.

ನಿಂಬೆಯ ಹುಳಿ ವಾಸನೆ ಅಂಗಳಕ್ಕೆಲ್ಲ ಹರಡಿತು. ಅಕ್ಕ ಬಾಗಿಲಲ್ಲಿ ನಿಂತು ಚೂರುಗಳನ್ನು ನೋಡಿದಳು. "ನಾಲ್ಕು ತಿಂಗಳು ಒಂದು ಗೀಚು ಬೀಳದ ಹಾಗೆ ನೋಡಿಕೊಂಡಿದ್ದೆ ಕಣೋ."

"ಕೈ ಜಾರಿತು ಅಕ್ಕ."

ಹೇಳುವಾಗಲೇ ಅವನಿಗೆ ಒಳಗೊಳಗೆ ಹಗುರವಾಯಿತು. ಮುಗಿಯಿತಲ್ಲ. ಒಂದು ಕ್ಷಮೆ ಕೇಳಿದರೆ ಸಾಕು, ಉಳಿದದ್ದು ಯಾರಿಗೂ ತಿಳಿಯಬೇಕಾಗಿಲ್ಲ. ಅಕ್ಕನನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಏನಾದರೊಂದು ನೆವ ಹೇಳಿದರಾಯಿತು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಅವನಿಗೆ ಅರ್ಥವಾಗದ ಹಾಗೆ, ನಕ್ಕಳು. "ಹೋಗಲಿ ಬಿಡು. ಸಂಜೆ ಬಾ, ನೋಡುವೆಯಂತೆ."

"ಏನು ನೋಡೋದು?"

"ಹೇಳಬಾರದು ಅಂತ ನಿನ್ನ ಸೊಸೆ ಆಣೆ ಹಾಕಿಸಿದ್ದಾಳೆ."

ದಾರಿಯಲ್ಲಿ ಬರುವಾಗ ಒಂದೊಂದೇ ನೆನಪಾಗತೊಡಗಿತು. ಎರಡು ವಾರದಿಂದ ಸೊಸೆ ಮಡಕೆ ಸುಡುವ ಆವಿಗೆಯ ಕೊಟ್ಟಿಗೆಗೆ ಅವನನ್ನು ಬಿಟ್ಟುಕೊಂಡಿರಲಿಲ್ಲ. ನೀವು ವಿಶ್ರಾಂತಿ ತಗೊಳ್ಳಿ ಮಾವ ಎನ್ನುತ್ತಿದ್ದಳು. ಗೋಡೆಯ ಹಿಂದೆ ಬಿದ್ದಿದ್ದ ಹಳೆಯ ಬ್ಯಾಟರಿಗಳು ಕಾಣೆಯಾಗಿದ್ದವು. ಅದಕ್ಕೂ ಮೊದಲು ಒಂದು ದಿನ ತಿಗರಿ ಚಕ್ರದ ಪಕ್ಕ ಕೂತು, ಆ ಹೂಜಿಯ ಮೆರುಗು ಹೇಗೆ ಬಂತು ಮಾವ ಎಂದು ಕೇಳಿದ್ದಳು. ತನ್ನ ವಿದ್ಯೆಯನ್ನು ಮನೆಯಲ್ಲಿ ಒಬ್ಬರಾದರೂ ಕೇಳಿದರಲ್ಲ ಎಂದು ಉಬ್ಬಿಹೋಗಿ ಎಲ್ಲ ಹೇಳಿಕೊಟ್ಟಿದ್ದ. ಎಷ್ಟು ಪುಡಿ, ಎಷ್ಟು ನೀರು, ಎಷ್ಟು ಹೊತ್ತು ಬೆಂಕಿ. ಯಜಮಾನ ಕಿವಿ ಹಿಂಡಿ ಹೇಳಿದ ಮಾತೊಂದನ್ನು ಬಿಟ್ಟಿದ್ದ. ಹೇಳಿದರೆ ಆ ಹೂಜಿಯ ಬಗ್ಗೆ ಅವಳೇ ಪ್ರಶ್ನೆ ಕೇಳುತ್ತಿದ್ದಳು.

ಮನೆಗೆ ಓಡಿದ. ಕೊಟ್ಟಿಗೆ ಖಾಲಿ, ಆವಿಗೆ ತಣ್ಣಗಿತ್ತು. ಅಲ್ಲಿಂದ ವಾಚನಾಲಯದ ಕಡೆ ಬಿರಬಿರನೆ ನಡೆದ. ಎರಡು ಸಲ ಮಂಡಿ ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಲ್ಲಬೇಕಾಯಿತು. ಮುಟ್ಟುವ ಹೊತ್ತಿಗೆ ನಾಲ್ಕು ದಾಟಿತ್ತು.

ಕೋಣೆ ತುಂಬಿತ್ತು. ಗೋಡೆಯ ಮೇಲೆ ಸೂಲಗಿತ್ತಿ, ಮೇಷ್ಟ್ರು, ಕುರಿಯಜ್ಜ, ಇವತ್ತು ಹೊಸದಾಗಿ ಬಡಗಿ. ಫೋಟೋಗಳ ಕೆಳಗಿನ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹೂಜಿಗಳನ್ನು ಇಟ್ಟಿದ್ದರು. ಜೇನಿನ ಬಣ್ಣದ, ಉದ್ದ ಕತ್ತಿನ, ಇಪ್ಪತ್ತೆರಡು ಹೂಜಿಗಳು. ಪಕ್ಕದಲ್ಲಿ ಸೊಸೆ ನಿಂತಿದ್ದಳು. ಅವಳ ಉಗುರಿನ ಸಂದಿಯಲ್ಲಿ ಹಳದಿ ಪುಡಿ ಇನ್ನೂ ಹೋಗಿರಲಿಲ್ಲ.

"ಬಾರಯ್ಯಾ, ನಿನಗೇ ಕಾಯ್ತಿದ್ವಿ!" ಎಂದರು ಪೋಸ್ಟ್ ಮಾಸ್ತರು. "ನೋಡು, ಸಂಘದಲ್ಲಿ ಎಷ್ಟು ಜನವೋ ಅಷ್ಟು ಹೂಜಿ. ಒಂದು ಹೂಜಿ ಬೇಕಾದರೆ ಇನ್ನೊಬ್ಬರು ಸಾಯೋತನಕ ಕಾಯಬೇಕು ಅನ್ನೋ ಕರ್ಮ ಇನ್ನಿಲ್ಲ." ಎಲ್ಲರೂ ನಕ್ಕರು. "ಸಿಹಿ ಬರಲಿ ಅಂತ ನಿನ್ನೆಯೇ ನಿಂಬೆ ಹಿಂಡಿ ತುಂಬಿಸಿಟ್ಟಿದ್ದೀವಿ."

ಲೋಟಗಳು ಆಗಲೇ ಕೈಗೆ ಬಂದಿದ್ದವು. ಅವನು ಮಾತಾಡಿ ಮುಗಿಸಿದ ಮೇಲೆ ಎಲ್ಲರೂ ಒಟ್ಟಿಗೆ ಕುಡಿಯುವುದು ಸಭೆಯ ರೂಢಿ. ಮುಂದಿನ ಸಾಲಿನಲ್ಲಿ ಅಕ್ಕ ತನ್ನ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದುಕೊಂಡಿದ್ದಳು.

ಕುಂಬಾರ ನೋಟ್ ಪುಸ್ತಕ ತೆರೆಯಲಿಲ್ಲ. "ಯಾರೂ ಕುಡೀಬೇಡಿ," ಎಂದ. "ಇದರಲ್ಲಿ ವಿಷ ಇದೆ."

ಕೋಣೆ ಗೊಳ್ಳೆಂದಿತು. "ಶುರು ಮಾಡಿದ ನೋಡಪ್ಪ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ತಮಾಷೆ ಅಲ್ಲ. ಬಡಗಿಯಣ್ಣನನ್ನ ಕೊಂದದ್ದು ನಾನು. ಈ ನಾಲ್ಕೂ ಜನರನ್ನ ಕೊಂದದ್ದು ನಾನು."

ನಗು ಇನ್ನೂ ಜೋರಾಯಿತು. ಬಡಗಿಯ ಮಗಳು ಕೂಡ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಎಂಟು ವರ್ಷದಿಂದ ಅವನೇ ಕಲಿಸಿದ ನಗು ಅದು. ಈಗ ನಿಲ್ಲಿಸು ಎಂದರೆ ನಿಲ್ಲುತ್ತದೆಯೇ? ಅಕ್ಕ ನಗುತ್ತಾ ನಗುತ್ತಾ, ಗಂಟಲು ಒಣಗಿರಬೇಕು, ಲೋಟವನ್ನು ತುಟಿಗೆ ಎತ್ತಿದಳು.

ಅವನು ಒಂದೇ ಹೆಜ್ಜೆಗೆ ಮುಂದೆ ಬಂದು ಲೋಟಕ್ಕೆ ಹೊಡೆದ. ಅದು ಖಣಖಣ ಎಂದು ಕುರ್ಚಿಗಳ ಅಡಿಗೆ ಉರುಳಿತು. ನಗು ಅರ್ಧಕ್ಕೇ ನಿಂತಿತು. ಅವನು ಅಕ್ಕನ ಬಲಗೈಯನ್ನು ಮೊಣಕೈ ಹತ್ತಿರ ಹಿಡಿದು, ಎಲ್ಲರಿಗೂ ಕಾಣುವಂತೆ ಮೇಲೆತ್ತಿದ.

"ಕೈ ನೆಟ್ಟಗೆ ಹಿಡಿ ಅಕ್ಕ."

ಅವಳು ಪ್ರಯತ್ನಿಸಿದಳು. ಕೈ ಮಣಿಕಟ್ಟಿನಿಂದ ಜೋತುಬಿತ್ತು.

ಆ ಕೋಣೆಯಲ್ಲಿ ಅಂಥ ಕೈಯನ್ನು ಮೊದಲು ನೋಡಿದವರು ಹಲವರಿದ್ದರು. ಬಡಗಿಯ ಮಗಳು ಎದ್ದು ನಿಂತಳು. ಸೂಲಗಿತ್ತಿಯ ಮೊಮ್ಮಗ ಗೋಡೆಯ ಫೋಟೋ ಕಡೆ ತಿರುಗಿದ. ಸೊಸೆ ತನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡು ಸೀರೆಗೆ ತಿಕ್ಕತೊಡಗಿದಳು. ಒಬ್ಬೊಬ್ಬರಾಗಿ ಲೋಟಗಳನ್ನು ನೆಲಕ್ಕಿಟ್ಟರು. ಕುಂಬಾರ ಸೀಸದ ವಿಷಯ, ಯಜಮಾನ ಹೇಳಿದ ಮಾತು, ಮೇಷ್ಟ್ರ ಮನೆಯಲ್ಲಿ ಕಂಡ ಒದ್ದೆ ಗುರುತು, ಮಧ್ಯಾಹ್ನ ಬೇಕೆಂದೇ ಕೈಬಿಟ್ಟ ಹೂಜಿ, ಎಲ್ಲವನ್ನೂ ಹೇಳಿದ.

ಅವನು ಮುಗಿಸಿದ ಮೇಲೆ ಅಕ್ಕ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಕೊಂದಿತು.

"ನಾವು ಕುಡೀತಿದ್ದದ್ದು ನಿನಗೆ ಯಾವತ್ತು ಗೊತ್ತಾಯ್ತು?"

"ಶುಕ್ರವಾರ."

ಅಕ್ಕ ತನ್ನ ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ನಿನ್ನೆ ಎರಡು ಲೋಟ ಕುಡಿದೆ ಕಣೋ," ಎಂದಳು. "ಗೇಟಿನ ಹತ್ತಿರ ನೀನು ನಿಂತಿದ್ದದ್ದು ಕಾಣಿಸ್ತು. ಒಳಗೆ ಬರ್ತೀಯ ಅಂತ ನಿನಗೂ ಒಂದು ಲೋಟ ಬಗ್ಗಿಸಿದ್ದೆ. ನೀನು ಬರಲಿಲ್ಲ. ದಂಡ ಆಗೋದು ಬೇಡ ಅಂತ ನಾನೇ ಕುಡಿದೆ."